ಕಾರ್ಡ್ ಸಾಲ ತೀರಿಸೋದಾ, ಕಷ್ಟಕಾಲಕ್ಕೆ ಕೂಡಿಡೋದಾ?

ಸ್ಕ್ರೀನ್ ಮೇಲೆ ಎರಡು ಲೆಕ್ಕ ಇದೆ, ನೋಡಿ. ಉಳಿತಾಯ ಖಾತೆಯಲ್ಲಿ 50,000, ವರ್ಷಕ್ಕೆ 3% ಬಡ್ಡಿ: ಬರೋದು 1,500. ಕ್ರೆಡಿಟ್ ಕಾರ್ಡಲ್ಲೂ ಅಷ್ಟೇ ಬಾಕಿ, ಆದ್ರೆ 3% ಬಡ್ಡಿ ತಿಂಗಳಿಗೆ: ವರ್ಷಕ್ಕೆ ಹೋಗೋದು 18,000. ಬಡ್ಡಿನೂ ಕಟ್ಟದೆ ಬಿಟ್ರೆ ಬಡ್ಡಿ ಮೇಲೆ ಬಡ್ಡಿ ಸೇರಿ 21,000 ದಾಟುತ್ತೆ.

ಹಾಗಂತ ಖಾತೆ ಬಳಿದು ಎಲ್ಲವನ್ನೂ ಕಾರ್ಡಿಗೆ ಕಟ್ಟಿಬಿಡಬೇಡಿ. ಕೈ ಖಾಲಿ ಇರುವಾಗಲೇ ಆಸ್ಪತ್ರೆ ಖರ್ಚು ಬಂದ್ರೆ ಮತ್ತೆ ಅದೇ ಕಾರ್ಡ್ ಉಜ್ಜಬೇಕಾಗುತ್ತೆ. ಲಿಮಿಟ್ ಇದೆಯಲ್ಲ ಅನ್ನೋ ಧೈರ್ಯವೂ ಬೇಡ, ಅದನ್ನ ಬ್ಯಾಂಕ್ ಇಳಿಸಬಹುದು. ಕಾರ್ಡಿಂದ ನಗದು ತೆಗೆದ್ರೆ ಸಾಮಾನ್ಯವಾಗಿ ಅವತ್ತಿಂದಲೇ ಬಡ್ಡಿ, ಮೇಲೆ ಶುಲ್ಕ ಬೇರೆ.

ಅದಕ್ಕೇ ಮೊದಲು ಒಂದು ತಿಂಗಳ ಖರ್ಚನ್ನ ತುರ್ತು ನಿಧಿ ಅಂತ ಬದಿಗಿಡಿ. ಇಡೀ ಸಂಬಳದಷ್ಟು ಬೇಕಿಲ್ಲ. ಬಾಡಿಗೆ, ದಿನಸಿ, ಕರೆಂಟ್ ಬಿಲ್, ಔಷಧಿ, ತಪ್ಪಿಸೋಕಾಗದ ಕಂತು, ಕಾರ್ಡಿನ ಮಿನಿಮಮ್ ಡ್ಯೂ (ಪ್ರತಿ ಬಿಲ್ಲಿಗೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ): ಇಷ್ಟರ ಮೊತ್ತ ಸಾಕು. ಆದಾಯ ಏರುಪೇರು ಇರೋರಿಗೆ ಎರಡು ತಿಂಗಳದ್ದು ಬೇಕೇ ಬೇಕು. ದಿನಬಳಕೆಯ ಖಾತೆಯಲ್ಲಿಟ್ರೆ ಕರಗಿಹೋಗುತ್ತೆ, ಬೇರೆ ಖಾತೆಯಲ್ಲಿಡಿ.

ಅಷ್ಟಾದ ಮೇಲೆ ಉಳಿಯೋದೆಲ್ಲ ಸಾಲಕ್ಕೆ. ಬಾಕಿ 1,00,000, ಮಿನಿಮಮ್ ಡ್ಯೂ 5% ಅಂದ್ಕೊಳ್ಳಿ. ನೀವು ಕಟ್ಟೋ 5,000ದಲ್ಲಿ 3,000 ಬಡ್ಡಿಗೇ ಹೋಗುತ್ತೆ, ಅಸಲು ಇಳಿಯೋದು ಬರೀ 2,000. ಅದೂ ಆ ಕಾರ್ಡಲ್ಲಿ ಹೊಸದೇನೂ ಕೊಳ್ಳದಿದ್ರೆ ಮಾತ್ರ. ಹಳೇ ಬಾಕಿ ಇರೋವಾಗ ಹೊಸ ಖರೀದಿಗೆ ಬಡ್ಡಿರಹಿತ ಅವಧಿ ಸಾಮಾನ್ಯವಾಗಿ ಸಿಗಲ್ಲ, ಕೊಂಡ ದಿನದಿಂದಲೇ ಬಡ್ಡಿ ಓಡುತ್ತೆ. ಬಾಕಿ ಸೊನ್ನೆಯಾಗೋ ತನಕ ಆ ಕಾರ್ಡನ್ನ ಪರ್ಸಿಂದ ತೆಗೆದಿಡಿ. ಆನ್‌ಲೈನ್ ಆ್ಯಪ್‌ಗಳಲ್ಲಿ ಸೇವ್ ಆಗಿದ್ರೆ ಅಳಿಸಿ, ಬಹಳ ಜನ ಇದನ್ನೇ ಮರೀತಾರೆ.

ಬಡ್ಡಿ ದಿನದ ಬಾಕಿ ಮೇಲೆ ಬೀಳೋದ್ರಿಂದ ಕೊನೇ ದಿನಾಂಕಕ್ಕೆ ಕಾಯಬೇಡಿ, ಸಂಬಳ ಬಂದ ದಿನವೇ ಕಟ್ಟಿ. 20,000ವನ್ನ 15 ದಿನ ಮುಂಚೆ ಕಟ್ಟಿದ್ರೆ ಸುಮಾರು 300 ಉಳಿಯುತ್ತೆ. ಎರಡು ಮೂರು ಕಾರ್ಡ್ ಇದ್ರೆ ಎಲ್ಲದಕ್ಕೂ ಮಿನಿಮಮ್ ಡ್ಯೂ ಆಟೋ ಡೆಬಿಟ್ ಹಾಕಿ, ಹೆಚ್ಚುವರಿ ದುಡ್ಡೆಲ್ಲ ಅತಿ ಹೆಚ್ಚು ಬಡ್ಡಿಯದಕ್ಕೆ. ಪೂರ್ತಿ ಕಟ್ಟಿದ ಮೇಲೂ ಮುಂದಿನ ಬಿಲ್ಲಲ್ಲಿ ಚಿಕ್ಕದೊಂದು ಬಡ್ಡಿ ಕಾಣಿಸಬಹುದು. ಬಿಲ್ ತಯಾರಾದ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ ಅದು. ನೋಡದೆ ಬಿಟ್ರೆ ಅದಕ್ಕೂ ದಂಡ ಬೀಳಬಹುದು.

ನಡುವೆ ತುರ್ತು ನಿಧಿಗೆ ಕೈ ಹಾಕಬೇಕಾಗಿ ಬಂದ್ರೆ ಗಾಬರಿ ಬೇಡ, ಅದಿರೋದೇ ಅದಕ್ಕೆ. ಅದು ಮತ್ತೆ ತುಂಬೋವರೆಗೂ ಕಾರ್ಡಿಗೆ ಮಿನಿಮಮ್ ಮಾತ್ರ ಕಟ್ಟಿ. ಸಾಲ ಸೊನ್ನೆಯಾದ ತಿಂಗಳಿಂದ ಸಾಲಕ್ಕೆ ಕಟ್ಟುತ್ತಿದ್ದ ಮೊತ್ತವೇ ನೇರ ನಿಧಿಗೆ ಹೋಗ್ಲಿ, ಮೂರು ತಿಂಗಳ ಖರ್ಚು ಸೇರೋವರೆಗೂ.