ಕುದುರೆಯ ಕಾಲು ಊದಿದರೆ ನಡೆಸಬೇಕೆ, ನಿಲ್ಲಿಸಬೇಕೆ?

ನಮಸ್ಕಾರ. ಡೊಂಬಿವಲಿಯ ವೀಕ್ಷಕಿಯೊಬ್ಬರು ಕಳುಹಿಸಿದ ಪ್ರಶ್ನೆಯೊಂದು ಕೆಲವು ದಿನಗಳಿಂದ ನನ್ನ ತಲೆಯಲ್ಲಿ ಕುಳಿತಿದೆ. ಮೋಟಾರು ವಾಹನಗಳು ಊರಿನ ಹೊರಗೆ ದಸ್ತೂರಿ ನಾಕಾದಲ್ಲೇ ನಿಂತುಬಿಡುವ, ಮುಂಬೈ ಸಮೀಪದ ಗಿರಿಧಾಮ ಮಾಥೇರಾನಿಗೆ ಅವರು ಹೋಗಿದ್ದಾಗ, ಬೆಳಿಗ್ಗೆ ಲಾಯದಿಂದ ಹೊರಬಂದ ಕುದುರೆಯೊಂದರ ಹಿಂಗಾಲುಗಳೆರಡೂ ಊದಿದ್ದವಂತೆ. ಕುದುರೆಯವನು ಎರಡೂ ಕಾಲುಗಳನ್ನು ಅಂಗೈಯಿಂದ ಸವರಿ ನೋಡಿ, ಮದ್ದು ಹಚ್ಚದೆ, ಸವಾರರನ್ನೂ ಹತ್ತಿಸದೆ, ಕೆಂಪು ಮಣ್ಣಿನ ದಾರಿಯಲ್ಲಿ ಅರ್ಧ ಗಂಟೆ ನಡೆಸಿಕೊಂಡು ಬಂದನಂತೆ. ಮರಳುವಷ್ಟರಲ್ಲಿ ಊತ ಬಹುಪಾಲು ಇಳಿದಿತ್ತಂತೆ. ಇದು ಚಿಕಿತ್ಸೆಯೋ, ಹಿಂಸೆಯೋ ಎಂಬುದು ಅವರ ಪ್ರಶ್ನೆ.

[ದೃಶ್ಯ: ಮೇಜಿನ ಮೇಲೆ ನಿರೂಪಕರ ಕೈ, ಸಮೀಪದಿಂದ]

ನಡುಬೆರಳಿನ ತುದಿಯೊಂದೇ ಮೇಜಿಗೆ ತಾಗುವಂತೆ ನಿಮ್ಮ ಕೈಯನ್ನು ನೆಟ್ಟಗೆ ನಿಲ್ಲಿಸಿ. ಕುದುರೆ ನಿಂತಿರುವುದು ಹೀಗೆಯೇ. ಗೊರಸೆಂದರೆ ಆ ಬೆರಳಿನ ಉಗುರು. ಮುಂಗಾಲಿನ ಮೊಣಕಾಲೆಂದು ನಾವು ಕರೆಯುವುದು ವಾಸ್ತವದಲ್ಲಿ ಮಣಿಕಟ್ಟು. ಈಗ ಬೆರಳುಗಳನ್ನು ಅಲ್ಲಾಡಿಸಿದರೆ ಕೈಯ ಹಿಂಬದಿಯ ಚರ್ಮದಡಿಯಲ್ಲಿ ಹುರಿಗಳಂತೆ ಜಾರುವುದು ಸ್ನಾಯುರಜ್ಜುಗಳು. ಅವುಗಳನ್ನು ಎಳೆಯುವ ಮಾಂಸಖಂಡಗಳು ಬಹುಪಾಲು ಮುಂದೋಳಿನಲ್ಲಿವೆ. ಕುದುರೆಯ ಕಾಲಿನಲ್ಲಿಯೂ ಆ ಮಣಿಕಟ್ಟಿನ ಮಟ್ಟದಿಂದ ಕೆಳಗೆ ಮೂಳೆ, ರಜ್ಜು, ಚರ್ಮಗಳನ್ನು ಬಿಟ್ಟರೆ ಮಾಂಸಖಂಡವೆಂಬುದು ಇಲ್ಲವೆಂದೇ ಹೇಳಬಹುದು.

ಇದರಿಂದಾಗುವ ತೊಂದರೆ ಮುಂಬೈಯ ಮಾಟುಂಗದ ಉಡುಪಿ ಹೋಟೆಲುಗಳ ಭಟ್ಟರಿಗೆ ಚೆನ್ನಾಗಿ ಗೊತ್ತು. ದೋಸೆ ಕಾವಲಿಯ ಮುಂದೆ ಹಗಲೆಲ್ಲ ನಿಂತವರ ಪಾದ ಸಂಜೆಗೆ ಊದುವುದು, ಕೆಳಗಿಳಿದ ರಕ್ತವನ್ನು ಮೇಲಕ್ಕೆ ತಳ್ಳಬೇಕಾದ ಮೀನಖಂಡ ಅಲುಗಾಡದೆ ಸುಮ್ಮನಿರುವುದರಿಂದ. ಭಟ್ಟರು ಕಾಲು ಚಾಚಿ ಮಲಗಿಯಾದರೂ ಸುಧಾರಿಸಿಕೊಳ್ಳುತ್ತಾರೆ. ಕುದುರೆ ನಿಂತೇ ತೂಕಡಿಸುವ ಪ್ರಾಣಿ. ಅದರ ಕಾಲಿನ ತುದಿಯಲ್ಲಿ ರಕ್ತವನ್ನು ಮೇಲಕ್ಕೆ ತಳ್ಳುವ ಕೆಲಸವನ್ನು ಗೊರಸು ಮಾಡುತ್ತದೆ. ಹೆಜ್ಜೆ ಊರಿದಾಗ ಒಳಗಿನ ಮೆತ್ತೆ ಅದುಮಿ, ಸುತ್ತಲಿನ ರಕ್ತನಾಳಗಳ ಬಲೆ ಹಿಂಡಿದಂತಾಗಿ ರಕ್ತ ಮೇಲೇರುತ್ತದೆ. ಕಾಲೆತ್ತಿದಾಗ ಬಲೆ ಮತ್ತೆ ತುಂಬಿಕೊಳ್ಳುತ್ತದೆ. ಕುದುರೆಗೆ ಐದು ಹೃದಯಗಳೆಂದು ಅಶ್ವಪ್ರಿಯರು ಹೇಳುವುದು ಇದಕ್ಕೇ. ರಾತ್ರಿಯಿಡೀ ಲಾಯದಲ್ಲಿ ಕಟ್ಟಿಹಾಕಿದರೆ ನಾಲ್ಕು ಹೃದಯಗಳಿಗೆ ರಜೆ ಕೊಟ್ಟಂತೆ.

ಆದ್ದರಿಂದ ಮಾಥೇರಾನಿನ ಕುದುರೆಗೆ ನಡಿಗೆಯೇ ಮದ್ದಾಗಿತ್ತು. ಆದರೆ ನನ್ನ ದೃಷ್ಟಿಯಲ್ಲಿ ಅಲ್ಲಿ ನಡೆದ ನಿಜವಾದ ಚಿಕಿತ್ಸೆ ನಡಿಗೆಯಲ್ಲ, ಅದಕ್ಕೆ ಮೊದಲು ಅಂಗೈಯಿಂದ ಸವರಿದ್ದು. ಎರಡೂ ಕಾಲು ಸಮನಾಗಿ ಊದಿ, ತಣ್ಣಗಿದ್ದು, ಅದುಮಿದರೆ ನೋವಿಲ್ಲದೆ, ಕುದುರೆ ಕುಂಟದಿದ್ದರೆ ಮಾತ್ರ ನಡೆಸಬಹುದು. ಒಂದೇ ಕಾಲು ಊದಿ, ಇನ್ನೊಂದಕ್ಕಿಂತ ಬಿಸಿಯಾಗಿದ್ದು, ಮುಟ್ಟಿದರೆ ಕುದುರೆ ಕಾಲನ್ನು ಸೆಳೆದುಕೊಂಡರೆ ಅದು ರಜ್ಜುವಿನ ಗಾಯವಿರಬಹುದು, ಕೀವು ಕಟ್ಟಿರಬಹುದು. ಅದನ್ನು ನಡೆಸುವುದು ಹಿಂಸೆಯೇ. ಅಂಥ ಕುದುರೆಯನ್ನು ನಿಲ್ಲಿಸಿ, ಊದಿದ ಜಾಗಕ್ಕೆ 15ರಿಂದ 20 ನಿಮಿಷ ತಣ್ಣೀರು ಹರಿಸಿ, ದಿನಕ್ಕೆ ಮೂರು ನಾಲ್ಕು ಬಾರಿ ಹೀಗೆ ಮಾಡುತ್ತ, ಪಶುವೈದ್ಯರನ್ನು ಕರೆಸಬೇಕು. ಜೊತೆಗೆ ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಮರುದಿನಕ್ಕೆ ಮುಂದೂಡಬಾರದು.

ಸಮಯ ಮೀರುತ್ತಿರುವುದರಿಂದ ಗಾಯದ ವಿಷಯವನ್ನು ಒಟ್ಟಾಗಿಯೇ ಹೇಳಿಬಿಡುತ್ತೇನೆ. ತರಚು ಗಾಯವನ್ನು ಉಪ್ಪುನೀರಿನಿಂದ ತೊಳೆದರೆ ಸಾಕು. ಅರಿಶಿನ ಮೆತ್ತಿದರೆ ಗಾಯದ ಆಳ ವೈದ್ಯರಿಗೆ ಕಾಣುವುದಿಲ್ಲ, ಅರಿಶಿನಕ್ಕೆ ಅಡುಗೆಮನೆಯಲ್ಲಿ ಬೇಕಾದಷ್ಟು ಕೆಲಸವಿದೆ. ಕೀಲಿನ ಬಳಿಯ ಗಾಯ ಸೂಜಿಮೊನೆಯಷ್ಟಿದ್ದರೂ ತುರ್ತು ಪ್ರಸಂಗವೇ, ಏಕೆಂದರೆ ಸೋಂಕು ಕೀಲಿನೊಳಗೆ ಇಳಿದರೆ ಕುದುರೆ ಶಾಶ್ವತವಾಗಿ ಕುಂಟಾಗಬಹುದು. ಪಟ್ಟಿ ಕಟ್ಟುವಾಗ ಹತ್ತಿಯನ್ನು ದಪ್ಪಗೆ, ಸಮನಾಗಿ ಸುತ್ತಬೇಕು. ಬಿಗಿಯಾದ ಪಟ್ಟಿಯೇ ರಜ್ಜುವನ್ನು ಕೆಡಿಸಬಲ್ಲದು. ಧನುರ್ವಾಯುವಿನ ಲಸಿಕೆ ಬಾಕಿಯಿದೆಯೇ ಎಂಬುದನ್ನೂ ವೈದ್ಯರಿಗೆ ತಿಳಿಸಿ. ಮನುಷ್ಯರನ್ನು ಆ ರೋಗದಿಂದ ಕಾಪಾಡುವ ಸೀರಮ್ಮನ್ನು ದಶಕಗಳ ಕಾಲ ತನ್ನ ರಕ್ತದಿಂದಲೇ ಕೊಟ್ಟ ಪ್ರಾಣಿಯು ಅದೇ ರೋಗಕ್ಕೆ ಬಲು ಸುಲಭವಾಗಿ ತುತ್ತಾಗುತ್ತದೆ. ಇನ್ನು ಗೊರಸಿಗೆ ಮೊಳೆ ಚುಚ್ಚಿರುವುದು ಕಂಡರೆ, ಕೈ ಎಷ್ಟೇ ತುರಿಸಿದರೂ ಕೀಳಬೇಡಿ. ಅದು ಎತ್ತ ತಿರುಗಿ ಎಷ್ಟು ಆಳ ಇಳಿದಿದೆಯೆಂದು ವೈದ್ಯರು ಎಕ್ಸ್‌-ರೇಯಲ್ಲಿ ನೋಡುವವರೆಗೆ, ಇನ್ನಷ್ಟು ಒಳಗೆ ಹೋಗದಂತೆ ಗೊರಸಿಗೆ ದಪ್ಪ ಬಟ್ಟೆ ಸುತ್ತಿ ಕುದುರೆಯನ್ನು ನಿಂತಲ್ಲಿಯೇ ನಿಲ್ಲಿಸಿ.