ಹಾರೋ ಮುಂಚೆ ಹೊಟ್ಟೆ ಕರಗಿಸಿಕೊಳ್ಳೋ ಹಕ್ಕಿ

[ಪರದೆ ಮೇಲೆ: ರಾತ್ರಿ, ಹಿಮ ಮುಚ್ಚಿದ ಪಾರ್ಕಿಂಗ್ ಜಾಗ]

2011ರ ಡಿಸೆಂಬರ್. ಅಮೆರಿಕದ ಯೂಟಾ ರಾಜ್ಯದ ಸೀಡರ್ ಸಿಟಿ. ಹೊರಗೆ ಹಿಮ ಸುರೀತಿದೆ. ಇದ್ದಕ್ಕಿದ್ದ ಹಾಗೆ ಆಕಾಶದಿಂದ ಧಪ್ ಧಪ್ ಅಂತ ಹಕ್ಕಿಗಳು! ಪಾರ್ಕಿಂಗ್ ಜಾಗದಲ್ಲಿ, ಆಟದ ಮೈದಾನದಲ್ಲಿ, ಹೈವೇ ಮೇಲೆ. ಒಂದೆರಡಲ್ಲ, ಸಾವಿರಾರು. ಮೋಡ, ಹಿಮ, ಊರಿನ ದೀಪ ಎಲ್ಲ ಸೇರಿ ಆ ಬಯಲೆಲ್ಲ ಮೇಲಿಂದ ಕೆರೆ ಥರ ಕಂಡಿತ್ತು. ನೀರು ಅಂದ್ಕೊಂಡು ಇಳಿದವು. ಸಿಕ್ಕಿದ್ದು ಟಾರು.

ಬದುಕಿದ್ದವೂ ಮತ್ತೆ ಹಾರಲಿಲ್ಲ. ಹಾರೋಕೆ ಆಗೋದೇ ಇಲ್ಲ! ಜನ ಒಂದೊಂದನ್ನೇ ಎತ್ತಿ, ನೀರಿರೋ ಕಡೆಗೆ ಸಾಗಿಸಿ ಬಿಟ್ಟರು. ಇದೆಂಥ ವಲಸೆ ಹಕ್ಕಿ ಮಾರಾಯ್ರೆ?

ಹೆಸರು ಇಯರ್ಡ್ ಗ್ರೀಬ್, ಅಂದ್ರೆ ಕಪ್ಪು ಕತ್ತಿನ ಗುಳುಮುಳುಕ. ಗುರುತು ಬೇಗ ಹೇಳಿಬಿಡ್ತೀನಿ. ಮರಿ ಮಾಡೋ ಕಾಲದಲ್ಲಿ ಕತ್ತು ಕಪ್ಪು, ಕಣ್ಣು ಕೆಂಡ, ಕಣ್ಣಿನ ಹಿಂದೆ ಬೀಸಣಿಗೆ ಬಿಚ್ಚಿದ ಹಾಗೆ ಹೊಂಬಣ್ಣದ ಗರಿ. ಚಳಿಗಾಲದಲ್ಲಿ ಈ ಶೃಂಗಾರ ಎಲ್ಲ ಹೋಗಿ, ಹಾರ್ನ್ಡ್ ಗ್ರೀಬ್ ಅನ್ನೋ ದಾಯಾದಿ ಜೊತೆ ಕಲಸಿಹೋಗುತ್ತೆ. ಆಗ ಕೆನ್ನೆ ನೋಡಿ: ದಾಯಾದಿಯದ್ದು ಸುಣ್ಣ ಬಳಿದಷ್ಟು ಬಿಳಿ, ಇದರದ್ದು ಮಸಿ ಕೈಯಲ್ಲಿ ಒರೆಸಿಕೊಂಡ ಹಾಗೆ. ಕೊಕ್ಕು ಸಪೂರ, ತುದಿ ಒಂಚೂರು ಮೇಲಕ್ಕೆ.

ಕಾಲು ಮೈಯ ತೀರಾ ಹಿಂಭಾಗದಲ್ಲಿದೆ. ಮುಳುಗಿ ಈಜೋಕೆ ಸೊಗಸು, ನೆಲದ ಮೇಲೆ ಓಡಿ ಹಾರೋಕೆ ದಂಡ. ಟಾರಿನ ಮೇಲೆ ಸಿಕ್ಕಿಹಾಕಿಕೊಂಡಿದ್ದು ಅದಕ್ಕೇ.

ಈಗ ನನ್ನ ನಿದ್ದೆ ಕೆಡಿಸಿದ ವಿಷಯ. ಮರಿ ಮಾಡಿ ಮುಗಿದ ಮೇಲೆ ಈ ಹಕ್ಕಿಗಳು ಕ್ಯಾಲಿಫೋರ್ನಿಯಾದ ಮೋನೋ ಲೇಕ್, ಯೂಟಾದ ಗ್ರೇಟ್ ಸಾಲ್ಟ್ ಲೇಕ್ ಅನ್ನೋ ಉಪ್ಪು ಸರೋವರಗಳಲ್ಲಿ ಲಕ್ಷಗಟ್ಟಲೆ ಸೇರ್ತವೆ. ಅಲ್ಲಿ ಮೀನಿಲ್ಲ, ಉಗುರಿನಷ್ಟು ಉಪ್ಪುನೀರಿನ ಸೀಗಡಿಯೇ ಹೆಚ್ಚು. ಬೆಳಗಿನಿಂದ ಸಂಜೆವರೆಗೆ ಅದೇ ಊಟ. ತೂಕ ಎರಡು ಪಟ್ಟು ದಾಟುತ್ತೆ. ಹೊಟ್ಟೆ, ಕರುಳು ದೊಡ್ಡದಾಗ್ತವೆ. ರೆಕ್ಕೆ ಬಡಿಯೋ ಎದೆಯ ಸ್ನಾಯು? ಸೊರಗಿ ಹೋಗುತ್ತೆ. ಒಂದು ಲಾರಿ ಎಂಜಿನ್ ಬಿಚ್ಚಿಟ್ಟು ಆ ಜಾಗಕ್ಕೂ ಮೂಟೆ ತುಂಬಿದ ಹಾಗೆ! ಮೂಟೆ ಭರ್ತಿ, ಲಾರಿ ಮಾತ್ರ ನಿಂತಲ್ಲೇ.

ಚಳಿಗೆ ಸೀಗಡಿ ಸತ್ತು ಮುಗೀತಾ ಬಂದಾಗ ಎಲ್ಲ ಉಲ್ಟಾ. ಊಟ ಬಂದ್. ಹಿಗ್ಗಿದ ಹೊಟ್ಟೆ-ಕರುಳು ಕುಗ್ಗಿ ಕಾಲು ಭಾಗದಷ್ಟಕ್ಕೆ ಬರ್ತವೆ. ಹೃದಯ, ಎದೆಯ ಸ್ನಾಯು ಮತ್ತೆ ಬೆಳೀತವೆ. ನಾವು ಜಿಮ್‌ಗೆ ದುಡ್ಡು ಕಟ್ಟಿ ಹೋಗದೇ ಇರ್ತೀವಿ. ಇದು ಉಪವಾಸ ಕೂತು ಸ್ನಾಯು ಬೆಳೆಸುತ್ತೆ! ಎಂಜಿನ್ ಜೋಡಿಸಿ ಆಯ್ತು ಅನ್ನುವಾಗ ಒಂದು ರಾತ್ರಿ ಎದ್ದು ದಕ್ಷಿಣಕ್ಕೆ. ಸೀಡರ್ ಸಿಟಿಯಲ್ಲಿ ಬಿದ್ದವು ಈ ಡಿಸೆಂಬರ್ ಪಯಣದವೇ.

ಈ ಬಿಚ್ಚೋದು-ಜೋಡಿಸೋದು ವರ್ಷಕ್ಕೆ ಹಲವು ಸಲ. ಒಟ್ಟು ಲೆಕ್ಕ ಹಾಕಿದರೆ ವರ್ಷದಲ್ಲಿ 9-10 ತಿಂಗಳು ಇದಕ್ಕೆ ಹಾರೋ ಶಕ್ತಿಯೇ ಇರಲ್ಲ. ಹಾರಬಲ್ಲ ಹಕ್ಕಿಗಳಲ್ಲಿ ಇಷ್ಟು ದಿನ ನೆಲ ಕಚ್ಚೋದು, ಅಲ್ಲಲ್ಲ, ನೀರು ಕಚ್ಚೋದು ಇನ್ಯಾವುದೂ ಇಲ್ಲ.

ಅಯ್ಯೋ, ಗೂಡಿನ ಕಥೆ ಉಳೀತು. ಒಂದೇ ಉಸಿರಲ್ಲಿ: ಜವುಗು ನೀರಲ್ಲಿ ಗುಂಪುಗುಂಪಾಗಿ ಕಟ್ತವೆ, ಕೊಳೆತ ಸಸ್ಯದ ತೇಲೋ ರಾಶಿ, ಜೊಂಡಿಗೆ ಸಿಕ್ಕಿಸಿರ್ತವೆ. ಎದ್ದು ಹೋಗುವಾಗ ಮೊಟ್ಟೆ ಮೇಲೆ ಒದ್ದೆ ಸೊಪ್ಪು ಎಳೀತವೆ, ಅದರಿಂದಲೇ ಬಿಳಿ ಮೊಟ್ಟೆ ಕಂದಾಗುತ್ತೆ. ತಮ್ಮದೇ ಗರಿ ಕಿತ್ತು ನುಂಗ್ತವೆ, ಮರಿಗೂ ತಿನ್ನಿಸ್ತವೆ.

[ಪರದೆ ಮೇಲೆ: ಅಮ್ಮನ ಬೆನ್ನಿನ ಗರಿಯೊಳಗಿಂದ ಇಣುಕೋ ಮರಿ]

ಈ ಸಾಹೇಬರು ಮೊದಲ ವಾರ ಪೂರ್ತಿ ಇಲ್ಲೇ ಸವಾರಿ. ಟಿಕೆಟ್ ಇಲ್ಲ.