ಕೋಡ್ ಆರೇ ಸಾಲು, ಕಾಟ ಎಲ್ಲಾ ಸೆಲ್‌ದು | ರಾಸ್ಪ್‌ಬೆರಿ ಪೈ ರೋಬಾಟ್

ಹಾಂ, ಆನ್ ಆಯ್ತು. ಚಾಸಿ ಜೋಡಿಸೋದನ್ನ ಸ್ಪೀಡಾಗಿ ಓಡಿಸಿದೀನಿ, ನೋಡ್ತಾ ಇರಿ, ಎರಡು ಮೋಟಾರು ಒಂದಿಷ್ಟು ಸ್ಕ್ರೂ, ಅದರಲ್ಲಿ ಬಾಯ್ಬಿಟ್ಟು ಹೇಳೋದೇನಿಲ್ಲ. ಆ ಅಕ್ರಿಲಿಕ್ ಶೀಟ್ ಮೇಲೆ ಬ್ರೌನ್ ಪೇಪರ್ ಅಂಟಿಸಿರ್ತಾರಲ್ಲ, ಅದನ್ನ ಕೆರೆದು ಕೆರೆದು ಉಗುರು ಸವೀತು, ಆ ಭಾಗ ಕಟ್ ಮಾಡಿದೀನಿ, ನಿಮಗ್ಯಾಕೆ ಆ ಹಿಂಸೆ.

ಮೇಲೆ ಕೂತಿರೋದು ರಾಸ್ಪ್‌ಬೆರಿ ಪೈ 3, ಒಂದೇ ಬೋರ್ಡಿನ ಪುಟಾಣಿ ಕಂಪ್ಯೂಟರ್. ಹೌದು 2016ರ ಬೋರ್ಡು, ಹೌದು ಹಳೇದು, ಪೈ 5 ಯಾಕೆ ತಗೊಂಡಿಲ್ಲ ಅಂತ ಯಾರೂ ಕೇಳ್ಬೇಡಿ, ಮನೇಲಿ ಡ್ರಾಯರಲ್ಲಿ ಬಿದ್ದಿತ್ತು, ವೈಫೈ ಇದೆ ಬ್ಲೂಟೂತ್ ಇದೆ, ಎರಡು ಚಕ್ರ ತಿರುಗಿಸೋಕೆ ಇದೇ ಜಾಸ್ತಿ ಆಯ್ತು. ಕೆಂಪು ಬೋರ್ಡು ಎಲ್298ಎನ್, ಮೋಟಾರ್ ಡ್ರೈವರ್, ಪೈ ಹೇಳಿದ ಹಾಗೆ ಮೋಟಾರಿಗೆ ಕರೆಂಟ್ ಬಿಡೋದು. ದರಿದ್ರ ಬೋರ್ಡ್ ಇದು, ನನಗೆ ಇಷ್ಟವೇ ಇಲ್ಲ, ಓಬೀರಾಯನ ಕಾಲದ ಚಿಪ್ಪು, ಕಿಟ್ ಜೊತೆ ಬಂತು ಅಂತ ಹಾಕಿದೀನಿ ಅಷ್ಟೇ. ಹಳದಿ ಮೋಟಾರು ಎಲ್ಲರ ಹತ್ರ ಇರೋದೇ, ಮೂರರಿಂದ ಆರು ವೋಲ್ಟ್.

ಈಗ ಕೋಡ್. ಲೈಬ್ರರಿ ಹೆಸರು ಜಿಪಿಐಒ ಝೀರೋ, ಪೈಥಾನ್‌ದು, ಪೈ ಪಿನ್ನುಗಳನ್ನ ಆಡಿಸೋಕೆ ಮೊದಲೇ ಬರೆದಿಟ್ಟಿರೋ ಕೋಡು, 2015ರಲ್ಲಿ ಬಂದಿದ್ದು, ಬೆನ್ ನಟಾಲ್ ಅನ್ನೋರು ಶುರು ಮಾಡಿದ್ದು, ಆಮೇಲೆ ಡೇವ್ ಜೋನ್ಸ್ ಕೂಡ ಸೇರ್ಕೊಂಡು ಬೆಳೆಸಿದ್ರು. ರಾಸ್ಪ್‌ಬೆರಿ ಪೈ ಓಎಸ್ ಹಾಕಿದ್ರೆ ಡೆಸ್ಕ್‌ಟಾಪ್ ಜೊತೆ ಇದು ಬಂದೇ ಇರುತ್ತೆ. ಸ್ಕ್ರೀನ್ ನೋಡಿ. ಫ್ರಮ್ ಜಿಪಿಐಒ ಝೀರೋ ಇಂಪೋರ್ಟ್ ರೋಬಾಟ್. ಅದರ ಕೆಳಗೆ ಟೈಮ್‌ನಿಂದ ಸ್ಲೀಪ್. ಆಮೇಲೆ ರೋಬಾಟ್ ಅಂತ ಒಂದು ಮಾಡ್ಕೊಂಡು ಪಿನ್ ನಂಬರು ಕೊಡೋದು, ಲೆಫ್ಟಿಗೆ 17, 27, ರೈಟಿಗೆ 23, 24. ರೋಬಾಟ್ ಡಾಟ್ ಫಾರ್ವರ್ಡ್, ಒಂದು ಸೆಕೆಂಡ್ ಸ್ಲೀಪ್, ರೋಬಾಟ್ ಡಾಟ್ ಸ್ಟಾಪ್. ಮುಗೀತು. ಒಂದು ಮಾತು, ಆ 17 ಅನ್ನೋದು ಬೋರ್ಡ್ ಮೇಲೆ ಹದಿನೇಳನೇ ಪಿನ್ ಅಲ್ಲ, ಅದು ಚಿಪ್ಪಿನ ನಂಬರು, ಪಿನ್ ಎಣಿಸ್ಕೊಂಡು ಹೋದ್ರೆ ಹನ್ನೊಂದನೇದು. ಹದಿನೇಳನೇ ಪಿನ್ನಲ್ಲಿ 3.3 ವೋಲ್ಟ್ ಪವರ್ ಬರ್ತಿರುತ್ತೆ, ಅಲ್ಲಿಗೆ ಡ್ರೈವರ್ ವೈರ್ ಚುಚ್ಚಿ ಎರಡು ಗಂಟೆ ಕೋಡ್ ಬೈಯೋರು ಬಹಳ ಜನ. ಟರ್ಮಿನಲ್‌ನಲ್ಲಿ ಪಿನ್ಔಟ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ, ನಿಮ್ಮ ಬೋರ್ಡಿನ ಚಿತ್ರಾನೇ ಬಣ್ಣ ಬಣ್ಣವಾಗಿ ಬರುತ್ತೆ, ಎಲ್ಲಿ ಏನಿದೆ ಅಂತ. ಇದೊಂದಕ್ಕೇ ಈ ಲೈಬ್ರರಿ ಮಾಡಿದೋರಿಗೆ ಕೈ ಮುಗೀಬೇಕು.

ಪುಸ್ತಕದ ಮೇಲೆ ಚಾಸಿ ಇಟ್ಟು ಚಕ್ರ ಗಾಳೀಲಿ ಬಿಟ್ಟು ಓಡಿಸಿದೆ, ನೋಡಿ ಎಷ್ಟು ಚೆನ್ನಾಗಿ ತಿರುಗ್ತಿದೆ. ಈಗ ನೆಲದ ಮೇಲೆ ಇಡ್ತೀನಿ. ನೋಡಿ. ನೋಡಿ. ಹಾಂ. ಒಂದು ಗೇಣು ಹೋಯ್ತು, ನಿಂತ್ಕೊಂಡ್ತು. ಲ್ಯಾಪ್‌ಟಾಪಲ್ಲಿ ಎಸ್ಎಸ್‌ಎಚ್ ಕಿಟಕಿ, ಅಂದ್ರೆ ಇಲ್ಲಿಂದಲೇ ಪೈಗೆ ಕಮಾಂಡ್ ಕೊಡೋದು, ಕಲ್ಲಾಗಿದೆ. ಸ್ವಲ್ಪ ಹೊತ್ತು ಬಿಟ್ಟು ತಾನೇ ಬೂಟ್ ಆಗುತ್ತೆ, ಮತ್ತೆ ಓಡಿಸಿದ್ರೆ ಮತ್ತೆ ಅದೇ ಗೇಣು, ಮತ್ತೆ ಸಾಯುತ್ತೆ. ಆ ಇಡೀ ಶನಿವಾರ ಸಂಜೆ ಇದೇ ನಡೀತು. ಅಕ್ಕನ ಮಗ ಪಕ್ಕದಲ್ಲಿ ಕೂತು "ಮಾಮ, ಇದು ಬರೀ ಡೆಮೋ ರೋಬಾಟಾ?" ಅಂತಾನೆ. ಸುಮ್ನಿರೋ ಮರಿ ಅಂದೆ.

ಸ್ಲೋ ಮೋಷನಲ್ಲಿ ಹಾಕಿದೀನಿ ನೋಡಿ, ಪೈ ಮೂಲೇಲಿ ಕೆಂಪು ಎಲ್ಇಡಿ ಇದೆಯಲ್ಲ, ಮೋಟಾರ್ ಶುರುವಾದ ತಕ್ಷಣ ಅದು ಟಕ್ ಅಂತ ಆರುತ್ತೆ. ಅದು ಸುಮ್ನೆ ಅಲಂಕಾರಕ್ಕಿರೋ ಲೈಟಲ್ಲ, ಪೈಗೆ ಬರೋ ವೋಲ್ಟೇಜು 4.63 ವೋಲ್ಟಿಗಿಂತ ಕೆಳಗಿಳಿದ್ರೆ ಆರೋ ಹಾಗೆ ಮಾಡಿರೋದು. ಹಳ್ಳೀಲಿ ಪಂಪ್‌ಸೆಟ್ ಹಾಕಿದ ಕೂಡ್ಲೇ ಮನೆ ಬಲ್ಬು ಮಂಕಾಗುತ್ತಲ್ಲ, ಥೇಟ್ ಅದೇ ಕಥೆ. ಗಾಳೀಲಿ ಚಕ್ರಕ್ಕೆ ಭಾರ ಇಲ್ಲ, ಸರಿ ಹೋಗುತ್ತೆ. ನೆಲದ ಮೇಲೆ ನಿಂತಿರೋ ಗಾಡಿನ ತಳ್ಳೋಕೆ ಮೋಟಾರು ಒಂದೇ ಸಲಕ್ಕೆ ಕರೆಂಟ್ ಎಳೀತಾವೆ. ಎರಡು ಸೆಲ್ ಸೀರೀಸಲ್ಲಿವೆ, ಸುಮ್ನೆ ಇದ್ದಾಗ ಮಲ್ಟಿಮೀಟರ್ 8.3 ತೋರಿಸ್ತಿದೆ, ಮೋಟಾರ್ ಎದ್ದ ತಕ್ಷಣ 5.9ಕ್ಕೆ ಬೀಳುತ್ತೆ, ಕಂಡ್ತಾ, ಅಲ್ಲೇ ಪಾಸ್ ಮಾಡಿದೀನಿ. ಅದನ್ನ 5 ವೋಲ್ಟ್ ಮಾಡಿ ಪೈಗೆ ಕೊಡೋ ಆ ನೀಲಿ ಬಕ್ ಕನ್ವರ್ಟರ್, ಎಲ್ಎಂ2596, ಅದಕ್ಕೆ ಒಳಗೆ ಬರೋದು ಹೊರಗೆ ಹೋಗೋದಕ್ಕಿಂತ ಒಂದೂವರೆ ವೋಲ್ಟಾದ್ರೂ ಜಾಸ್ತಿ ಇರ್ಬೇಕು ಹೆಚ್ಚುಕಮ್ಮಿ. 5.9 ಬಂದ್ರೆ ಅದಾದ್ರೂ ಏನ್ಮಾಡುತ್ತೆ ಪಾಪ.

ಅಲ್ಲಿಗೆ ಕಳ್ಳ ಯಾರು ಅಂತ ಗೊತ್ತಾಯ್ತು. ಈ ಸೆಲ್‌ಗಳು ಕಿಟ್ ಜೊತೆ ಬಂದಿದ್ದು, ಆನ್‌ಲೈನಲ್ಲಿ, ಯಾವುದು ಅಂತ ಹೆಸರು ಹೇಳಲ್ಲ ಬಿಡಿ. ಮೇಲೆ ಏನು ಪ್ರಿಂಟ್ ಮಾಡಿದಾರೆ ನೋಡಿ, ಝೂಮ್ ಮಾಡ್ತೀನಿ, 9800 ಎಂಎಎಚ್! ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಲೆಕ್ಕ ಅದು. ಗುರು, 18650 ಅಂತಾರೆ ಈ ಸೆಲ್ ಸೈಜಿಗೆ, ಇದರಲ್ಲಿ ಒಳ್ಳೇ ಕಂಪನಿ ಸೆಲ್‌ಗಳೇ 2000ದಿಂದ 3500ರ ಆಸುಪಾಸಲ್ಲಿರ್ತಾವೆ. 9800 ಅಂತ ಬರೆಯೋಕೆ ಧೈರ್ಯ ಬೇಕು. ಬರೆಯೋದೇ ಆದ್ರೆ ಇಪ್ಪತ್ತು ಸಾವಿರ ಅಂತ ಬರೀಬಹುದಿತ್ತಲ್ಲ, ಸ್ಟಿಕ್ಕರಿಗೇನು ದುಡ್ಡಾ. ನನಗೆ ಉರಿದುಹೋಯ್ತು, ಅಡುಗೆಮನೆಯಿಂದ ತೂಕದ ಮೆಷಿನ್ ತಂದು ಸೆಲ್ ಇಟ್ಟೆ. 29 ಗ್ರಾಂ. ಸರಿಯಾದ ಸೆಲ್ 45 ಗ್ರಾಂ ಮೇಲಿರುತ್ತೆ, ಲೋಹದ ಹಾಳೆ ಸುತ್ತಿ ಸುತ್ತಿ ತುಂಬಿರ್ತಾರೆ ಒಳಗೆ, ಹಗುರ ಇರೋಕೆ ಸಾಧ್ಯಾನೇ ಇಲ್ಲ. ಅಷ್ಟರಲ್ಲಿ ಅಮ್ಮ ಬಂದ್ರು, "ಏನೋ ಅದು, ನಾಳೆ ಅದರಲ್ಲೇ ಬೆಲ್ಲ ತೂಗ್ಬೇಕು ನಾನು, ತೆಗಿ ಆಚೆ" ಅಂತ. ಆ ವಾಯ್ಸ್ ಕಟ್ ಮಾಡಿಲ್ಲ, ಕೇಳಿಸ್ಕೊಳ್ಳಿ.

ನೋಡಿ, ಸಾಮರ್ಥ್ಯ ಕಮ್ಮಿ ಇದ್ರೆ ಬೇಗ ಖಾಲಿಯಾಗುತ್ತೆ, ಮತ್ತೆ ಚಾರ್ಜಿಗೆ ಹಾಕಿದ್ರಾಯ್ತು, ಅದು ಬೇರೆ ವಿಷಯ. ಈ ಕಳಪೆ ಸೆಲ್‌ನಲ್ಲಿ ಒಳಗಿನ ರೆಸಿಸ್ಟೆನ್ಸೂ ಜಾಸ್ತಿ, ಕರೆಂಟ್ ಎಳೆದ ಕೂಡ್ಲೇ ವೋಲ್ಟೇಜ್ ಕುಸಿಯುತ್ತೆ. ಲಿಥಿಯಂ ಬೇರೆ, ಅದರ ಜೊತೆ ಕೊಟ್ಟ ಚಾರ್ಜರಿಗೆ ರಾತ್ರಿಯೆಲ್ಲಾ ಹಾಕಿ ಮಲಗೋಕೆ ನನಗಂತೂ ಧೈರ್ಯ ಇಲ್ಲ. ಮಕ್ಕಳಿಗೆ ಅಂತ ಮಾರೋ ಕಿಟ್ ಸ್ವಾಮಿ ಇದು. ರಿಟರ್ನ್ ಹಾಕೋಣ ಅಂದ್ರೆ "ಬ್ಯಾಟರಿ ಐಟಂ ರಿಟರ್ನ್ ಇಲ್ಲ" ಅಂತ ಮೆಸೇಜು.

ಸರಿ ಸೋಮವಾರ ಎಸ್‌ಪಿ ರೋಡಿಗೆ ಹೋದೆ, ಬೆಂಗಳೂರಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಬೀದಿ, ಭಾನುವಾರ ಹೋದ್ರೆ ಮುಕ್ಕಾಲು ಅಂಗಡಿ ಬಾಗಿಲು. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೀರಿ, ಗಾಡಿ ತಗೊಂಡು ಹೋಗೋ ಹುಚ್ಚು ಸಾಹಸ ಬೇಡ. ಈ ಕ್ಲಿಪ್ ಅಲುಗಾಡ್ತಿದೆ ಯಾಕಂದ್ರೆ ಹಿಂದಿನಿಂದ ಒಬ್ರು ತಲೆ ಮೇಲೆ ಮಾನಿಟರ್ ಬಾಕ್ಸ್ ಹೊತ್ಕೊಂಡು "ಸೈಡು ಸೈಡು" ಅಂತ ನುಗ್ಗಿದ್ರು. ಕೌಂಟರಲ್ಲಿ ಕೇಳಿದ್ರೆ, "ಒರಿಜಿನಲ್ ಬೇಕಾ ಸಾರ್, ಲೋಕಲ್ ಬೇಕಾ?" ಅಂತ ನೇರವಾಗೇ ಕೇಳಿದ್ರು. ನನಗೆ ಇಷ್ಟ ಆಗಿದ್ದೇ ಅದು, ಕಣ್ಣೆದುರಿಗೆ ಎರಡೂ ಇಟ್ರು, ಕೈಯಲ್ಲಿ ಹಿಡಿದ್ರೇ ವ್ಯತ್ಯಾಸ ಗೊತ್ತಾಗುತ್ತೆ. 2600ರದ್ದು ಎರಡು ತಗೊಂಡೆ. ಚೌಕಾಸಿ ಮಾಡಿದೆ, ಇಪ್ಪತ್ತು ರೂಪಾಯಿ ಬಿಟ್ರು, ಆ ಇಪ್ಪತ್ತಕ್ಕೆ ಅಲ್ಲೇ ಟೀ ಕುಡಿದೆ. ಅದ್ಯಾಕೆ ಬಂತು ಈಗ, ಶಾಟ್ ಮುಗೀತು, ಬನ್ನಿ ಮನೆಗೆ.

ಹೊಸ ಸೆಲ್. ಮೋಟಾರ್ ಎದ್ದಾಗ 7.6ಕ್ಕಿಂತ ಕೆಳಗಿಳೀಲಿಲ್ಲ. ಕೆಂಪು ಲೈಟು ಹಾಗೇ ಉರೀತಿದೆ. ಓಡ್ತಿದೆ! ಆದ್ರೆ ನೇರ ಓಡಲ್ಲ, ಎಡಕ್ಕೆ ತಿರುಗ್ತಾ ಹೋಗಿ ಶೂ ಸ್ಟ್ಯಾಂಡಿಗೆ ಗುದ್ದುತ್ತೆ.

ಇದಕ್ಕೆ ಲೈಬ್ರರಿನ ಬೈಯೋಣ ಅನ್ನಿಸ್ತು, ಫಾರ್ವರ್ಡ್ ಅಂದ್ರೆ ಮುಂದಕ್ಕೆ ತಾನೇ ಹೋಗ್ಬೇಕು. ಓಪನ್ ಸೋರ್ಸ್ ಅಲ್ವಾ, ಬೋರ್ಡ್ಸ್ ಡಾಟ್ ಪಿವೈ ಫೈಲ್ ಓಪನ್ ಮಾಡ್ದೆ, ಸ್ಕ್ರೀನಲ್ಲಿ ಇದೆ ನೋಡಿ. ರೋಬಾಟ್ ಕ್ಲಾಸ್ ಒಳಗೆ ಫಾರ್ವರ್ಡ್ ಅಂದ್ರೆ ಏನೂ ಇಲ್ಲ ಗುರು, ಎಡ ಮೋಟಾರಿಗೆ ಫಾರ್ವರ್ಡ್ ಹೇಳು, ಬಲ ಮೋಟಾರಿಗೆ ಫಾರ್ವರ್ಡ್ ಹೇಳು, ಅಷ್ಟೇ. ಚಕ್ರ ನಿಜವಾಗ್ಲೂ ತಿರುಗ್ತಿದೆಯಾ ಇಲ್ವಾ ಅಂತ ಅದಕ್ಕೆ ಗೊತ್ತೇ ಆಗಲ್ಲ, ಗೊತ್ತಾಗ್ಬೇಕಂದ್ರೆ ಚಕ್ರಕ್ಕೆ ಸುತ್ತು ಎಣಿಸೋ ಎನ್‌ಕೋಡರ್ ಹಾಕ್ಬೇಕು. ಈ ಅಗ್ಗದ ಹಳದಿ ಮೋಟಾರು ಒಂದರ ಹಾಗೆ ಇನ್ನೊಂದು ಇರಲ್ಲ. ಹಾಗಾಗಿ ರೋಬಾಟ್ ಡಾಟ್ ವ್ಯಾಲ್ಯೂ ಅಂತ ಇದೆ, ಎರಡು ನಂಬರು, ಮೈನಸ್ ಒಂದರಿಂದ ಒಂದರವರೆಗೆ, ಮೊದಲನೇದು ಎಡ ಎರಡನೇದು ಬಲ. ಎಡಕ್ಕೆ 1, ಬಲಕ್ಕೆ 0.88 ಕೊಟ್ಟೆ, ಎಡದ ಮೋಟಾರು ಸೋಮಾರಿ ಅದಕ್ಕೆ. ಹಾಲ್ ಆ ತುದಿವರೆಗೆ ನೇರ ಹೋಗುತ್ತೆ ಈಗ, ಹತ್ತಿರ ಹತ್ತಿರ ನೇರ. 0.4ಕ್ಕಿಂತ ಕೆಳಗೆ ಕೊಟ್ರೆ ಮಾತ್ರ ಚಕ್ರ ತಿರುಗಲ್ಲ, ಸೊಳ್ಳೆ ಹಾಗೆ ಗುಂಯ್ ಅಂತಷ್ಟೇ ಅನ್ನುತ್ತೆ, ಕೇಳಿ.

ಇದೆಲ್ಲಾ ನೋಡಿದಾಗ ನನಗೆ ಗ್ರೇ ವಾಲ್ಟರ್ ಅನ್ನೋ ಮೆದುಳು ವಿಜ್ಞಾನಿ ನೆನಪಾಗ್ತಾರೆ, ಇಂಗ್ಲೆಂಡಿನ ಬ್ರಿಸ್ಟಲಲ್ಲಿ 1948-49ರಲ್ಲೇ ಆಮೆ ಥರದ ರೋಬಾಟ್ ಮಾಡಿದ್ರು, ಎಲ್ಮರ್, ಎಲ್ಸಿ ಅಂತ ಹೆಸರು. ಕಂಪ್ಯೂಟರ್ ಇಲ್ಲ, ಕೋಡ್ ಇಲ್ಲ, ಲೈಬ್ರರಿ ಇಲ್ಲ, ಹಳೇ ರೇಡಿಯೋದಲ್ಲಿರ್ತಿದ್ದಂಥ ಎರಡು ವಾಲ್ವು, ಬೆಳಕು ನೋಡೋ ಒಂದು ಕಣ್ಣು, ಏನಾದ್ರೂ ತಾಗಿದ್ರೆ ಗೊತ್ತಾಗೋ ಆಮೆಚಿಪ್ಪು. ಬ್ಯಾಟರಿ ಇಳಿದ್ರೆ ಗೂಡಲ್ಲಿ ಉರೀತಿರೋ ಲೈಟ್ ಹುಡುಕ್ಕೊಂಡು ತಾವೇ ಹೋಗಿ ಚಾರ್ಜಿಗೆ ನಿಲ್ತಿದ್ವು. ನಂದು ಬ್ಯಾಟರಿ ಇಳಿದ್ರೆ ಸೋಫಾ ಕೆಳಗೆ ಹೋಗಿ ಸಾಯುತ್ತೆ. ಸರಿ ಸರಿ, ಮುಂದಿನದು ಬಂತು.

ಫೋನಿನಿಂದ ಓಡಿಸೋದು. ಬ್ಲೂ ಡಾಟ್ ಅಂತ ಇನ್ನೊಂದು ಓಪನ್ ಸೋರ್ಸ್ ಲೈಬ್ರರಿ, ಮಾರ್ಟಿನ್ ಓಹ್ಯಾನ್ಲನ್ ಮಾಡಿದ್ದು. ಫೋನಲ್ಲಿ ಆಂಡ್ರಾಯ್ಡ್ ಆಪ್ ಹಾಕಿದ್ರೆ ಸ್ಕ್ರೀನ್ ತುಂಬಾ ಒಂದು ನೀಲಿ ಚುಕ್ಕೆ, ಬೇರೇನೂ ಇಲ್ಲ. ಮೇಲ್ಭಾಗ ಒತ್ತಿದ್ರೆ ಪೊಸಿಷನ್ ಡಾಟ್ ಟಾಪ್ ನಿಜ ಆಗುತ್ತೆ, ನಡುವಿನಿಂದ ಎಷ್ಟು ದೂರ ಅನ್ನೋದು ಡಿಸ್ಟೆನ್ಸು, ಅದನ್ನೇ ಹಾಗೇ ಸ್ಪೀಡಿಗೆ ಕೊಡಬಹುದು. ಇನ್‌ಸ್ಟಾಲ್ ಮಾಡೋವಾಗ ಮಾತ್ರ ಪಿಪ್, ಲೈಬ್ರರಿ ಹಾಕೋ ಕಮಾಂಡು, ಕೆಂಪಗೆ ಉಗೀತು, ಓಎಸ್‌ನ ಬುಕ್‌ವರ್ಮ್ ವರ್ಷನ್ ಬಂದಮೇಲೆ ಸಿಸ್ಟಮ್ ಪೈಥಾನಿಗೆ ನೇರ ಹಾಕೋಕೆ ಬಿಡಲ್ಲ, ವರ್ಚುಯಲ್ ಎನ್ವಿರಾನ್ಮೆಂಟ್ ಅಂತ ಲೈಬ್ರರಿಗೆ ಬೇರೇನೇ ಜಾಗ ಮಾಡ್ಬೇಕು, ಅದೂ ಸಿಸ್ಟಮ್ ಸೈಟ್ ಪ್ಯಾಕೇಜಸ್ ಅನ್ನೋ ಆಪ್ಷನ್ ಹಾಕಿ, ಇಲ್ಲಾಂದ್ರೆ ಮೊದಲೇ ಇದ್ದ ಜಿಪಿಐಒ ಝೀರೋ ಒಳಗೆ ಕಾಣಲ್ಲ. ಕಿರಿಕಿರಿ. ಒಳ್ಳೇದಕ್ಕೇ ಮಾಡಿದಾರೆ ಅಂತಾರೆ, ಇರಬಹುದು, ಹೊಸಬರಿಗೆ ಯಾಕಪ್ಪಾ ಈ ಶಿಕ್ಷೆ. ಇನ್ನೊಂದು, ವೆನ್ ಪ್ರೆಸ್ಡ್ ಈಕ್ವಲ್ಸ್ ಮೂವ್ ಅಂತ ಬರೀಬೇಕು, ಮೂವ್ ಅನ್ನೋದು ಗಾಡಿ ಓಡಿಸೋಕೆ ನಾವು ಬರೆದ ಫಂಕ್ಷನ್, ಅದರ ಮುಂದೆ ಬ್ರಾಕೆಟ್ ಹಾಕ್ಬೇಡಿ, ಹಾಕಿದ್ರೆ ಒತ್ತೋ ಮುಂಚೇನೇ ಅಲ್ಲೇ ಓಡಿಸೋಕೆ ಹೋಗುತ್ತೆ.

ವೆನ್ ರಿಲೀಸ್ಡ್ ಈಕ್ವಲ್ಸ್ ಸ್ಟಾಪ್ ಇಲ್ಲದೆ ಹುಡುಗರ ಕೈಗೆ ಕೊಡಲೇಬೇಡಿ. ಅಕ್ಕನ ಮಗನ ಕೈಗೆ ಫೋನ್ ಕೊಟ್ಟೆ, ಒಂದು ನಿಮಿಷ ಏನೂ ಹೇಳ್ಕೊಡಲಿಲ್ಲ, ಅವನೇ ಬೆರಳು ಜಾರಿಸಿ ಜಾರಿಸಿ ತಿರುಗಿಸೋಕೆ ಶುರು ಮಾಡ್ದ. ಇಂಥ ಲೈಬ್ರರಿ ಎಲ್ಲಾ ಮುಚ್ಚಿಡುತ್ತೆ, ಮಕ್ಕಳು ಏನೂ ಕಲಿಯಲ್ಲ ಅಂತ ನಾನೇ ಹಿಂದೆ ಒಂದು ವಿಡಿಯೋದಲ್ಲಿ ಹೇಳಿದ್ದೆ, ಇವತ್ತು ಹಾಗೆ ಅನ್ನಿಸ್ತಿಲ್ಲ. ಇವನು ಮೂರನೇ ಪ್ರಶ್ನೆಗೇ "ಮಾಮ, ಸ್ಪೀಡ್ ಯಾಕೆ ಒಂದಕ್ಕಿಂತ ಜಾಸ್ತಿ ಕೊಡೋಕಾಗಲ್ಲ?" ಅಂತ ಕೇಳ್ದ. ಪಿನ್ನು ಪೂರ್ತಿ ಸಮಯ ಆನ್ ಇದ್ರೆ ಒಂದು, ಅರ್ಧ ಸಮಯ ಆನ್ ಇದ್ರೆ 0.5, ಪೂರ್ತಿಗಿಂತ ಜಾಸ್ತಿ ಎಲ್ಲಿಂದ ತರೋದು ಅಂದೆ. ಹಾಗಾದ್ರೆ ಇನ್ನೊಂದು ಸೆಲ್ ಹಾಕು ಅಂದ.

ಹಾಕಬಾರದು, ಹಳದಿ ಮೋಟಾರು ಸುಟ್ಟು ಹೋಗುತ್ತೆ. ಅಂದಹಾಗೆ ಆ ಎಲ್298ಎನ್ ದರಿದ್ರ ಅಂದೆನಲ್ಲ, ವಾಪಸ್ ತಗೋತೀನಿ. ಅದರೊಳಗೆ ಹಳೇ ಥರದ ಟ್ರಾನ್ಸಿಸ್ಟರ್, ಎರಡು ವೋಲ್ಟಷ್ಟು ತಾನೇ ತಿಂದು ಬಿಸಿ ಮಾಡ್ಕೊಂಡು ಕೂರುತ್ತೆ, ಅದಕ್ಕೇ ಬೈದಿದ್ದು. ಆದ್ರೆ 7.4 ಕೊಟ್ರೆ ಮೋಟಾರಿಗೆ ಐದೂವರೆ ಸುಮಾರು ತಲುಪುತ್ತೆ, ಮೋಟಾರಿಗೆ ಬೇಕಾಗಿರೋದೂ ಅಷ್ಟೇ. ಅದರ ಬದಲು ಟಿಬಿ6612 ಅನ್ನೋ ಡ್ರೈವರ್ ಹಾಕಿದ್ರೆ ಸೆಲ್‌ನಲ್ಲಿರೋದು ಹೆಚ್ಚುಕಮ್ಮಿ ಪೂರ್ತಿ ಮೋಟಾರಿಗೇ ಹೋಗುತ್ತೆ, ಆಗ ಕೋಡಲ್ಲೇ ಸ್ಪೀಡ್ ಮಿತಿ ಹಾಕ್ಬೇಕು. ಬ್ಯಾಟರಿ ಜಾಸ್ತಿ ಹೊತ್ತು ಬರೋದು ಅದರಲ್ಲೇ, ಸುಳ್ಳು ಹೇಳಲ್ಲ.

ಮುಂದಿನ ವಿಡಿಯೋದಲ್ಲಿ ಶಬ್ದದಿಂದ ದೂರ ಅಳೆಯೋ ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿ ಶೂ ಸ್ಟ್ಯಾಂಡ್ ಕಂಡ್ರೆ ನಿಲ್ಲೋ ಹಾಗೆ ಮಾಡೋಣ. ಹಾಕೋರು ಈಗಲೇ ಹಾಕ್ತೀರಾದ್ರೆ ಒಂದು ಹೇಳ್ಬಿಡ್ತೀನಿ, ಎಚ್‌ಸಿ ಎಸ್ಆರ್04 ಅನ್ನೋ ಆ ಸೆನ್ಸರಿನ ಎಕೋ ಪಿನ್ನಿಂದ 5 ವೋಲ್ಟ್ ಬರುತ್ತೆ, ಪೈ ತಡೆಯೋದು 3.3, ನಡುವೆ ಎರಡು ರೆಸಿಸ್ಟರ್ ಹಾಕದೆ ಚುಚ್ಚಬೇಡಿ. ಲೋ, ಅಮ್ಮನ ಕಾಲಿಗೆ ಹೊಡೀಬೇಡ್ವೋ, ಸ್ಟಾಪ್, ಬೆರಳು ಎತ್ತು, ಬೆರಳು ಎತ್ತೋ!